ಹೊಸ ಮನೆ, ಹಳೇ ರೂಢಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬದುಕಿನ ದಾರಿ ಒಮ್ಮೆಲೇ ಹೊರಳಿಕೊಂಡಾಗ ಏನು ಮಾಡಬೇಕು ಎಂದು ಕೇಳಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ಉತ್ತರಿಸಿದವರು ವೈದ್ಯರು, ಆಪ್ತಸಮಾಲೋಚಕರು ಮತ್ತು ಬ್ಯಾಂಕ್, ಕಂದಾಯದ ಕೆಲಸ ಬಲ್ಲವರು. ಪತ್ರ ಬರೆದವರ ಹೆಸರು ಬಿಟ್ಟು ಊರಿನ ಗುರುತಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಆಲಮಟ್ಟಿ ಹಿನ್ನೀರಿನ ಊರು. ಪುನರ್ವಸತಿ ಕೇಂದ್ರದಾಗ ಮನಿ ಕಟ್ಟಿಸಿ ಬಂದು ಎಂಟು ತಿಂಗಳಾತು. ಅಪ್ಪಾರಿಗೆ 76 ವಯಸ್ಸು. ರಾತ್ರಿ ನಿದ್ದಿ ಇಲ್ಲ. ಸಂಜಿ ಆತಂದ್ರ "ನಡೀರಿ, ಮನಿಗೆ ಹೋಗೂಣು" ಅಂತಾರ. ಹಗಲೆಲ್ಲ ಗ್ವಾಡಿ ನೋಡ್ಕೋತ ಕುಂತಿರ್ತಾರ. ಊಟಾನೂ ಕಡಿಮಿ ಆಗೇತಿ. ಹೆಂಗ ಹೊಂದಿಸಿಕೊಳ್ಳೋದು?
(ಬೀಳಗಿ ತಾಲ್ಲೂಕು)

ಉತ್ತರ: ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಈ ಗೊಂದಲ ನಾಲ್ಕೈದು ದಿನಗಳಲ್ಲಿ ದಿಢೀರನೆ ಶುರುವಾಯಿತೋ, ತಿಂಗಳುಗಟ್ಟಲೆ ನಿಧಾನಕ್ಕೆ ಬೆಳೆಯಿತೋ? ದಿಢೀರನೆ ಬಂದಿದ್ದರೆ ಊರು ಬಿಟ್ಟ ಕೊರಗು ಎಂದು ಸುಮ್ಮನಿರಬೇಡಿ. ಈ ವಯಸ್ಸಿನಲ್ಲಿ ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ನಾಲ್ಕು ದಿನದ ಮಲಬದ್ಧತೆ, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ, ಇವುಗಳಲ್ಲಿ ಯಾವುದಾದರೂ ಮನುಷ್ಯನ ಅರಿವು ತಪ್ಪಿಸಬಲ್ಲದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಧಾನಕ್ಕೆ ಬೆಳೆದಿದ್ದರೆ ಮರೆವಿನ ಕಾಯಿಲೆಯೂ ಇರಬಹುದು, ಖಿನ್ನತೆಯೂ ಇರಬಹುದು. ಎರಡೂ ಒಂದೇ ಥರ ಕಾಣುತ್ತವೆ. ರಕ್ತದ ಎಣಿಕೆ, ಸಕ್ಕರೆ, ಸೋಡಿಯಂ, ಕ್ರಿಯಾಟಿನಿನ್, ಥೈರಾಯ್ಡ್, ಬಿ12, ಮೂತ್ರ ಪರೀಕ್ಷೆ ಇಷ್ಟನ್ನು ಒಮ್ಮೆ ಮಾಡಿಸಿ. ಕಣ್ಣಿನ ಪೊರೆ ಮತ್ತು ಕಿವಿಯನ್ನೂ ತೋರಿಸಿ. ಹಳೇ ಮನೆಯಲ್ಲಿ ಕಣ್ಣು ಕಾಣದಿದ್ದರೂ ಕಾಲಿಗೆ ದಾರಿ ಗೊತ್ತಿತ್ತು, ಇಲ್ಲಿ ಆ ಗುರುತಿಲ್ಲ. ಮಾನಸಿಕ ಆರೋಗ್ಯದ ಸಲಹೆಗೆ 14416 ಸಂಖ್ಯೆಯ ಟೆಲಿ ಮಾನಸ್‌ಗೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನು ಮನೆ. ನಿದ್ದೆ ಕೆಡಲು ಛಾವಣಿಯೂ ಕಾರಣ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಹಳೇ ಮಾಳಿಗೆ ಮನೆಯ ಮೇಲ್ಮುದ್ದೆ (ಛಾವಣಿಯ ಮಣ್ಣಿನ ಪದರ) ದಪ್ಪ, ಗೋಡೆ ಎರಡು ಅಡಿಗೂ ಹೆಚ್ಚು. ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಮಧ್ಯಾಹ್ನವೇ ಕಾದು, ಸಂಜೆಯಿಂದ ನಡುರಾತ್ರಿಯವರೆಗೆ ಆ ಕಾವನ್ನು ಕೆಳಗೆ ಮಲಗಿದವರ ಮೇಲೆ ಬಿಡುತ್ತದೆ. ಫ್ಯಾನು ತಿರುಗಿದರೆ ಬರುವುದು ಅದೇ ಬಿಸಿಗಾಳಿ. ಮಾರ್ಚಿಗೆ ಮೊದಲು ಛಾವಣಿ ಗುಡಿಸಿ ನೀರು ಚಿಮುಕಿಸಿ, ಸುಣ್ಣ ಬಳಿಸಿ. ಐದು ಕಿಲೋ ಸುಣ್ಣಕ್ಕೆ ಅರ್ಧ ಕಿಲೋ ಫೆವಿಕಾಲ್, ಬ್ರಶ್ಶಿಗೆ ಹತ್ತುವಷ್ಟು ನೀರು. ಮೊದಲ ಕೋಟು ಪೂರ್ತಿ ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿಗೆ ಎಳೆಯಬೇಕು. ನಡು ಬಿಸಿಲಲ್ಲಿ ಬಳಿದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗಿ ಉದುರುತ್ತದೆ, ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಮಳೆಗೆ ತೊಳೆದು ಹೋಗುವುದರಿಂದ ಪ್ರತಿ ವರ್ಷ ಮಾಡಬೇಕು. ಪಶ್ಚಿಮದ ಗೋಡೆಗೆ ಒಂದು ಅಡಿ ಅಂತರ ಬಿಟ್ಟು ನೆರಳು ಪರದೆ ಕಟ್ಟಿ. ಗೋಡೆಗೆ ಅಂಟಿಸಿ ಕಟ್ಟಿದರೆ ನಡುವೆ ಗಾಳಿ ಆಡುವುದಿಲ್ಲ, ಉಪಯೋಗವೂ ಇಲ್ಲ.

ಹೊಸ ಮನೆಗಳಲ್ಲಿ ಕಾಂಪೌಂಡು, ಗೇಟು ಬರುತ್ತವೆ, ಕಟ್ಟೆ ಹೋಗುತ್ತದೆ. ಹಳ್ಳಿಯ ಹಿರಿಯರಿಗೆ ಇದಕ್ಕಿಂತ ದೊಡ್ಡ ನಷ್ಟ ಕಡಿಮೆ. ಮನೆಯ ಪೂರ್ವಕ್ಕೆ, ಅಂದರೆ ಸಂಜೆ ನೆರಳು ಬೀಳುವ ಕಡೆಗೆ, ರಸ್ತೆಗೆ ಮುಖ ಮಾಡಿ ಒಂದು ಕಟ್ಟೆ ಕಟ್ಟಿಸಿ. ಎತ್ತರ 16ರಿಂದ 18 ಇಂಚು, ಅಗಲ 20 ಇಂಚು. ಇದಕ್ಕಿಂತ ತಗ್ಗಾದರೆ ಮೊಣಕಾಲು ನೋವಿನವರು ಕೂತರೆ ಏಳಲಾರರು, ಎತ್ತರವಾದರೆ ಕಾಲು ಜೋತುಬಿದ್ದು ಜೋಮು ಹಿಡಿಯುತ್ತದೆ. ಹೋಗಿ ಬರುವವರ ಮುಖ ಕಂಡರೆ ಮಾತು ತಾನಾಗಿ ಬರುತ್ತದೆ. ಪ್ಲಾಟು ಹಂಚಿಕೆಯಲ್ಲಿ ಓಣಿ ಒಡೆದು, ಎದುರು ಮನೆಯ ಗೆಳೆಯ ಮೂರು ಸಾಲು ಆಚೆಗೆ ಹೋಗಿರುತ್ತಾನೆ. ಮೊದಲ ಎರಡು ವಾರ ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನೀವೇ ಕರೆದೊಯ್ಯಿರಿ. ಆಮೇಲೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಹೋಗಿ. ಎಲ್ಲ ಮನೆಗಳೂ ಒಂದೇ ಥರ ಇರುವುದರಿಂದ ನಿಮ್ಮ ಬಾಗಿಲಿಗೆ ದೂರದಿಂದ ಕಾಣುವ ಬೇರೆ ಬಣ್ಣ ಹೊಡೆಸಿ.

ಅವರ ಹಾಸಿಗೆಯ ತಲೆ ದಿಕ್ಕು, ದೇವರ ಫೋಟೋ, ನೀರಿನ ತಂಬಿಗೆ, ಕೋಲು, ಇವು ಹಳೇ ಮನೆಯಲ್ಲಿ ಯಾವ ಕಡೆಗಿದ್ದವೋ ಇಲ್ಲಿಯೂ ಆ ಕಡೆಗೇ ಇರಲಿ. ರಾತ್ರಿ ಎದ್ದಾಗ ಕೈ ನೆನಪಿನಿಂದ ಹುಡುಕುತ್ತದೆ. ಬಚ್ಚಲು, ಶೌಚಾಲಯದ ದಾರಿಗೆ ಸಣ್ಣ ದೀಪ, ಗೋಡೆಗೆ 80–90 ಸೆಂ.ಮೀ. ಎತ್ತರದಲ್ಲಿ ಹಿಡಿಕೆ, ಮೆಟ್ಟಿಲು ಆರಿಂಚಿಗಿಂತ ಎತ್ತರ ಬೇಡ. ಮನೆ ಹೊಸದಾಯಿತೆಂದು ಅವರ ಹಳೇ ಹೊರಸನ್ನು ಬಿಸಾಕಿ ಗಾದಿ ಮಂಚ ತಂದಿದ್ದರೆ, ಆ ಹೊರಸನ್ನು ಹುಡುಕಿ ತನ್ನಿ. ಊರು ಬದಲಾದ ವರ್ಷ ಊಟದ ಹೊತ್ತು, ಹಾಸಿಗೆ, ಚಹಾದ ಕಪ್ಪು ಯಾವುದನ್ನೂ ಬದಲಿಸಬೇಡಿ. ಇದು ಅಪ್ಪನಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ಹೇಳಿದ್ದು.

"ಮನಿಗೆ ಹೋಗೂಣು" ಎಂದಾಗ "ಆ ಮನಿ ಮುಳುಗಿ ಹೋತಲ್ಲ" ಎಂದು ದಿನಾ ತಿದ್ದಬೇಡಿ. ಮರೆವಿನವರಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ, ಹೊಸ ದುಃಖ. "ಮನಿಯಾಗ ಏನು ಕೆಲಸ ಐತಿ? ಎತ್ತು ಕಟ್ಟಬೇಕೇನು?" ಎಂದು ಕೇಳಿ, ಮಾತಾಡುತ್ತ ಒಂದು ಸುತ್ತು ಹೋಗಿ ಬನ್ನಿ. ನೆನಪು ಚೆನ್ನಾಗಿರುವವರಾದರೆ ಮುಚ್ಚಿಡಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಕರೆದೊಯ್ದು ತೋರಿಸಿ, ಆದರೆ ದಂಡೆಯಲ್ಲೇ ನಿಲ್ಲಿ. ಎರೆಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ಕೆಸರಿರುತ್ತದೆ, ಕಾಲಿಟ್ಟರೆ ಮೊಣಕಾಲುದ್ದ ಇಳಿಯುತ್ತದೆ.

ಹೊಲ ಹೋದವರಿಗೆ ಎಳ್ಳ ಅಮಾವಾಸ್ಯೆ ಕಠಿಣ ದಿನ. ಚರಗ (ಭೂತಾಯಿಗೆ ಹೊಲದಲ್ಲಿ ಚೆಲ್ಲುವ ಎಡೆ) ಚೆಲ್ಲಲು ಪರಿಚಯದವರ ಹೊಲ ಯಾವುದೆಂದು ವಾರದ ಮೊದಲೇ ಕೇಳಿಟ್ಟುಕೊಳ್ಳಿ. ಕೈಗೆ ಕೆಲಸವೂ ಬೇಕು: ಹಗ್ಗ ಹೊಸೆಯುವುದು, ಶೇಂಗಾ ಸುಲಿಯುವುದು, ಒಂದು ಆಡು ಸಾಕುವುದು. ದಿನಕ್ಕೆ ಅರ್ಧ ತಾಸು ಸಾಕು. "ನೀವು ಸುಮ್ಮನ ಆರಾಮ ಕೂಡ್ರಿ" ಎಂಬ ಪ್ರೀತಿಯ ಮಾತು ಹಿರಿಯರನ್ನು ಬೇಗ ಮುದುಕರನ್ನಾಗಿಸುತ್ತದೆ.

ಪ್ರಶ್ನೆ: ಜಮೀನಿನ ಪರಿಹಾರ ಬಂದೈತಿ. ತಮ್ಮ ಟ್ರ್ಯಾಕ್ಟರ್ ತರೂಣು ಅಂತಾನ, ಸೋದರಮಾವ ಒಂದು ಸೊಸೈಟಿಯೊಳಗ ಹೆಚ್ಚಿನ ಬಡ್ಡಿ ಕೊಡ್ತಾರ ಅಂತಾರ. ಇಷ್ಟು ರೊಕ್ಕ ಒಮ್ಮೆಲೆ ನೋಡಿದವರಲ್ಲ.
(ಬಾಗಲಕೋಟೆ ತಾಲ್ಲೂಕು)

ಉತ್ತರ: ಆರು ತಿಂಗಳು ಏನೂ ಕೊಳ್ಳಬೇಡಿ. ಸಾಲವಿದ್ದರೆ ತೀರಿಸಿ, ಮಿಕ್ಕಿದ್ದನ್ನು ಠೇವಣಿ ಇಡಿ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷ ರೂ.ವರೆಗೆ ಮಾತ್ರ ವಿಮೆಯ ರಕ್ಷಣೆ ಇದೆ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಇಟ್ಟರೂ ಅದು ಒಂದೇ ಲೆಕ್ಕ. ಸಹಕಾರಿ ಬ್ಯಾಂಕಿಗೂ ಈ ರಕ್ಷಣೆ ಉಂಟು. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸೊಸೈಟಿಗಳ ಠೇವಣಿಗೆ ಇಲ್ಲ. ನಮ್ಮ ಭಾಗದಲ್ಲಿ ಇವು ಗಲ್ಲಿಗೊಂದಿವೆ, ಒಳ್ಳೆಯವೂ ಇವೆ. ಆದರೂ ಬಾಗಿಲು ಮುಚ್ಚಿದ ದಿನ ಒಳ್ಳೆಯವರು ಯಾರು ಎಂದು ಕೇಳಿ ಪ್ರಯೋಜನವಿಲ್ಲ. ಹೊಲದ ರೊಕ್ಕ ಅಲ್ಲಿಗೆ ಬೇಡ.

ಈ ಮೊತ್ತ ದೊಡ್ಡದಾಗಿ ಕಾಣುವುದಕ್ಕೆ ಒಂದು ಕಾರಣವಿದೆ. ಹೊಲವಿದ್ದಾಗ ನಿಮ್ಮ ಖರ್ಚಿನ ಬಹುಪಾಲು ರೊಕ್ಕದ ರೂಪದಲ್ಲಿ ಇರಲೇ ಇಲ್ಲ. ಎರಡು ಹೊತ್ತು ರೊಟ್ಟಿ ತಿನ್ನುವ ಐದು ಜನರ ಮನೆಗೆ ತಿಂಗಳಿಗೆ 35ರಿಂದ 40 ಕಿಲೋ ಜೋಳ ಬೇಕು. ಬೇಳೆ, ಶೇಂಗಾ, ಹಾಲು, ಕುಳ್ಳು, ಕಟ್ಟಿಗೆ ಇವೆಲ್ಲ ಈಗ ಅಂಗಡಿಯ ಬೆಲೆಗೆ. ಒಂದು ವಹಿಯಲ್ಲಿ ಮೂರು ತಿಂಗಳು "ಮೊದಲು ಹೊಲದಿಂದ, ಈಗ ಪೇಟೆಯಿಂದ" ಬಂದದ್ದನ್ನು ಮಾತ್ರ ಬರೆಯಿರಿ. ಆಮೇಲೆ ಇನ್ನೊಂದು ಲೆಕ್ಕ: ಶೇ 7 ಬಡ್ಡಿಯಲ್ಲಿ 10 ಲಕ್ಷಕ್ಕೆ ವರ್ಷಕ್ಕೆ 70,000, ತಿಂಗಳಿಗೆ 5,833 ರೂ. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ಮನೆಮಂದಿ ಕೂತು ನೋಡಿದರೆ ಟ್ರ್ಯಾಕ್ಟರಿನ ಮಾತು ಅರ್ಧ ತಣ್ಣಗಾಗುತ್ತದೆ. ಹೊಲವೇ ಇಲ್ಲದವರಿಗೆ ಟ್ರ್ಯಾಕ್ಟರ್ ಎಂದರೆ ಬಾಡಿಗೆ ವ್ಯಾಪಾರ. ಊರಲ್ಲಿ ಈಗಾಗಲೇ ಎಷ್ಟಿವೆ, ಹಂಗಾಮಿನಲ್ಲಿ ಎಷ್ಟು ತಾಸು ಓಡುತ್ತವೆ ಎಂದು ಓಡಿಸುವವರನ್ನೇ ಕೇಳಿ. ಒಂದೇ ಸಲ ಪರಿಹಾರ ಬಂದ ಊರಲ್ಲಿ ಎಲ್ಲರೂ ಒಂದೇ ಸಲ ಟ್ರ್ಯಾಕ್ಟರ್ ತಂದಿರುತ್ತಾರೆ, ಬಾಡಿಗೆ ಬೀಳುವುದು ಅಲ್ಲೇ.

2013ರ ಭೂಸ್ವಾಧೀನ ಕಾಯ್ದೆಯಡಿ ಸಿಕ್ಕ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಅದನ್ನು ಠೇವಣಿ ಇಟ್ಟು ಬರುವ ಬಡ್ಡಿಗೆ ಇದೆ. ಪ್ಯಾನ್ ಕೊಡದಿದ್ದರೆ ಬ್ಯಾಂಕು ಬಡ್ಡಿಯಲ್ಲಿ ಶೇ 20ರಷ್ಟು ಮುರಿದುಕೊಳ್ಳುತ್ತದೆ. ಅಕ್ಕತಂಗಿಯರ ಪಾಲನ್ನು ಮೊದಲೇ ಇತ್ಯರ್ಥ ಮಾಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಪರಿಹಾರದ ತಂಟೆಗಳು ಕೋರ್ಟಿಗೆ ಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಬದಲಿ ಜಮೀನು ಕೊಳ್ಳುವುದಾದರೆ ಪಹಣಿ, ಇಸಿ (ಋಣಭಾರ ಪತ್ರ), 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ) ನೋಡುವುದು ಎಲ್ಲರಿಗೂ ಗೊತ್ತು. ನಮ್ಮ ಜಿಲ್ಲೆಯಲ್ಲಿ ಇನ್ನೊಂದಿದೆ. ಆಲಮಟ್ಟಿ ಜಲಾಶಯ ತುಂಬಿದಾಗಿನ ನೀರಿನ ಮಟ್ಟ ಈಗ 519.60 ಮೀಟರ್, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಕೊಳ್ಳುವ ಸರ್ವೆ ನಂಬರು ಆ ಮಟ್ಟದ ಮುಳುಗಡೆ ಪಟ್ಟಿಯಲ್ಲಿದೆಯೇ ಎಂದು ಭೂಸ್ವಾಧೀನ ಕಚೇರಿಯಲ್ಲಿ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಒಂದೇ ಜನ್ಮದಲ್ಲಿ ಎರಡು ಸಲ ಮುಳುಗುವುದು ಬೇಡ.

ಪ್ರಶ್ನೆ: ಗುಳೇದಗುಡ್ಡದಲ್ಲಿ ಕೈಮಗ್ಗದ ಮೇಲೆ ಖಣ ನೇಯುತ್ತಿದ್ದೆ. ವಯಸ್ಸು 46. ಈಗ ಬನಹಟ್ಟಿಯ ವಿದ್ಯುತ್ ಮಗ್ಗದ ಕೆಲಸಕ್ಕೆ ಹೊರಟಿದ್ದೇನೆ. ಈ ವಯಸ್ಸಿನಲ್ಲಿ ಒಗ್ಗೀತೇ?
(ಗುಳೇದಗುಡ್ಡ)

ಉತ್ತರ: ಒಗ್ಗುತ್ತದೆ, ಆದರೆ ನೇಯ್ಗೆ ಗೊತ್ತಿದೆ ಎಂಬ ಧೈರ್ಯವೇ ಮೊದಲು ಅಡ್ಡ ಬರುತ್ತದೆ. ಕುಣಿ ಮಗ್ಗದಲ್ಲಿ ಕೂತು, ಕಾಲಿಂದ ತುಳಿದು, ಕೈಯಿಂದ ಲಾಳಿ ಹೊಡೆಯುವ ನೀವೇ ವೇಗದ ಯಜಮಾನರು. ಅಲ್ಲಿ ಮಗ್ಗ ತಾನೇ ನೇಯುತ್ತದೆ. ನಿಮ್ಮ ಕೆಲಸ ಕಾಯುವುದು. ಹಾಸಿನ (ಉದ್ದದ) ಎಳೆ ಹರಿದರೆ ನಿಲ್ಲಿಸಿ ಗಂಟು ಹಾಕುವುದು, ಹೊಕ್ಕಿನ (ಅಡ್ಡದ) ನೂಲು ತೀರುವ ಮೊದಲೇ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಬದಲಿಸುವುದು. ಕೈಮಗ್ಗದಿಂದ ಬಂದವರು ಒಂದೇ ಮಗ್ಗದ ಬಟ್ಟೆ ನೋಡುತ್ತ ನಿಂತುಬಿಡುತ್ತಾರೆ. ಅಷ್ಟರಲ್ಲಿ ಪಕ್ಕದ ಮಗ್ಗದಲ್ಲಿ ಎಳೆ ಹರಿದು ಗೇಣುದ್ದ ಬಟ್ಟೆ ಕೆಟ್ಟಿರುತ್ತದೆ, ಪಗಾರದಲ್ಲಿ ಕಡಿತ. ಮೊದಲ ತಿಂಗಳು ಎರಡೇ ಮಗ್ಗ ಕೇಳಿ ಪಡೆಯಿರಿ. ಸುತ್ತುವ ದಾರಿ ಯಾವಾಗಲೂ ಒಂದೇ ಇರಲಿ: ಮುಂದೆ ಬಟ್ಟೆ, ಪಕ್ಕದಲ್ಲಿ ಲಾಳಿಪೆಟ್ಟಿಗೆ, ಹಿಂದೆ ಹಾಸು. ಇದು ಕಾಲಿಗೆ ರೂಢಿಯಾದ ಮೇಲೆ ನಾಲ್ಕಕ್ಕೆ ಹೋಗಿ.

ಕಿವಿಯ ವಿಷಯ ಯಾರೂ ಹೇಳುವುದಿಲ್ಲ. ಒಂದು ಮೀಟರ್ ದೂರ ನಿಂತವರಿಗೆ ಕೂಗಿ ಹೇಳಬೇಕೆಂದರೆ ಆ ಸದ್ದು ಸುಮಾರು 85 ಡೆಸಿಬಲ್ ದಾಟಿದೆ ಎಂದು ತಿಳಿಯಿರಿ. ಲಾಳಿ ಮಗ್ಗಗಳ ಶೆಡ್ಡಿನಲ್ಲಿ 90 ದಾಟುವುದು ಮಾಮೂಲು. ದಿನಕ್ಕೆ ಎಂಟು ತಾಸು, ವರ್ಷಗಟ್ಟಲೆ ಇದ್ದರೆ ಕಿವಿ ಮಂದವಾಗುತ್ತದೆ, ಮತ್ತೆ ಬರುವುದಿಲ್ಲ. ಹತ್ತಿ ತುರುಕಿದರೆ ಸದ್ದು ತಡೆಯುವುದಿಲ್ಲ. ಔಷಧಿ ಅಂಗಡಿಯ ಫೋಮ್ ಇಯರ್‌ಪ್ಲಗ್ ಬೇಕು. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹಾಗೆ ಹಿಡಿಯದಿದ್ದರೆ ಅದು ಹೊರಗೆ ಜಾರುತ್ತದೆ. "ಇದು ನಡಿಯಂಗಿಲ್ಲ" ಎಂದು ಬಿಸಾಕುವವರೆಲ್ಲ ಇಲ್ಲೇ ಎಡವಿದವರು.

ಧೋತರ, ಲುಂಗಿ, ಹೆಗಲ ಮೇಲಿನ ಟವೆಲ್ ಶೆಡ್ಡಿನಲ್ಲಿ ಬೇಡ, ಬೆಲ್ಟಿಗೆ ಸಿಗುತ್ತವೆ. ಲಾಳಿ ಹಾರುವ ಸಾಲಿನಲ್ಲಿ ಮುಖ ತರಬೇಡಿ. ಕೂತು ಕೆಲಸ ಮಾಡಿದ ಕಾಲುಗಳು ನಿಂತು ಊದಿಕೊಳ್ಳುತ್ತವೆ, ಮನೆಗೆ ಬಂದು ಇಪ್ಪತ್ತು ನಿಮಿಷ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿ. ಮುಂಗಡ ಹಣವನ್ನು ಆದಷ್ಟು ಕಡಿಮೆ ಪಡೆಯಿರಿ. ಪಡೆದದ್ದನ್ನು, ಮುರಿದದ್ದನ್ನು ನಿಮ್ಮದೇ ವಹಿಯಲ್ಲಿ ಬರೆದು ವಾರಕ್ಕೊಮ್ಮೆ ಮಾಲೀಕರ ಸಹಿ ಮಾಡಿಸಿ. ಮನೆಯ ಕೈಮಗ್ಗವನ್ನು ಒಂದು ವರ್ಷ ಮಾರಬೇಡಿ. ಬಿಚ್ಚಿದ್ದರೂ ಹಣಿಗೆಗೆ (ಎಳೆ ಹಾಯಿಸುವ ಬಾಚಣಿಗೆಗೆ) ತುಕ್ಕು ಹಿಡಿಯದಂತೆ ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ.

ಪ್ರಶ್ನೆ: ನಮ್ಮ ಮನೆಯವರು ಬಸ್ ಡ್ರೈವರ್ ಆಗಿ ನಿವೃತ್ತರಾದರು. ವರ್ಷಾನುಗಟ್ಟಲೆ ರಾತ್ರಿ ಡ್ಯೂಟಿ. ಈಗ ರಾತ್ರಿ ಮೂರಕ್ಕೆ ಮಲಗಿ ಹನ್ನೊಂದಕ್ಕೆ ಏಳುತ್ತಾರೆ. ಎದ್ದ ಮೇಲೆ ಅಡುಗೆಮನೆಗೆ ಬಂದು ಎಣ್ಣೆ ಎಷ್ಟು ಹಾಕಿದಿ, ಗ್ಯಾಸ್ ಯಾಕೆ ದೊಡ್ಡದಿಟ್ಟಿ ಎನ್ನುತ್ತಾರೆ. ಸಾಕಾಗಿದೆ.
(ವಿಜಯಪುರ)

ಉತ್ತರ: ನಿದ್ದೆಯದು ಲೆಕ್ಕದ ಕೆಲಸ, ಒಂದು ತಿಂಗಳು ಹಿಡಿಯುತ್ತದೆ. ಮೂರಕ್ಕೆ ನಿದ್ದೆ ಬರುವವರನ್ನು ಹತ್ತಕ್ಕೆ ಹಾಸಿಗೆಗೆ ತಳ್ಳಿದರೆ ಐದು ತಾಸು ಹೊರಳಾಡಿ ಸಿಟ್ಟು ಮಾಡಿಕೊಳ್ಳುತ್ತಾರೆ. ಮಲಗುವ ಹೊತ್ತನ್ನೂ ಏಳುವ ಹೊತ್ತನ್ನೂ ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ತಾಸು ಹಿಂದಕ್ಕೆ ತನ್ನಿ. ಒಂಬತ್ತು ಹೆಜ್ಜೆಗೆ ಹತ್ತೂವರೆಗೆ ಬರುತ್ತದೆ. ಎದ್ದ ಕೂಡಲೇ ಅರ್ಧ ತಾಸು ಬಯಲಿನ ಬೆಳಕಲ್ಲಿರಬೇಕು, ದೇಹದ ಗಡಿಯಾರ ತಿರುಗುವುದು ಆ ಬೆಳಕಿಂದ. ಚಹಾದ ಕೆಫೀನ್ ಐದಾರು ತಾಸಾದರೂ ಅರ್ಧ ಒಳಗೇ ಉಳಿದಿರುತ್ತದೆ, ಹಾಗಾಗಿ ಮಧ್ಯಾಹ್ನ ಎರಡರ ನಂತರ ಚಹಾ ಬೇಡ. ಹಗಲು ನಿದ್ದೆ ಬೇಕೇ ಬೇಕೆಂದರೆ ಮೂರು ಗಂಟೆಯ ಒಳಗೆ, ಅರ್ಧ ತಾಸು ಮಾತ್ರ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಿದ್ದರೆ ಈ ಉಪಾಯ ನಡೆಯದು, ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ. ಬಿಪಿಯನ್ನೂ ಅಳೆಸಿ.

ಅಡುಗೆಮನೆಯದು ಬೇರೆ ವಿಷಯ. ಇಡೀ ಬಸ್ಸಿನ ಹೊಣೆ ಹೊತ್ತವರಿಗೆ ಈಗ ಹೊಣೆಯಿಲ್ಲ, ಹಾಗಾಗಿ ನಿಮ್ಮದಕ್ಕೆ ಕೈ ಹಾಕುತ್ತಾರೆ. "ಸ್ವಲ್ಪ ಸಹಾಯ ಮಾಡ್ರಿ" ಎನ್ನಬೇಡಿ, ಸಹಾಯಕ್ಕೆ ಬಂದವರು ಮೇಲ್ವಿಚಾರಣೆಗೆ ನಿಲ್ಲುತ್ತಾರೆ. ಒಂದು ಬಾಬತ್ತನ್ನು ಪೂರ್ತಿ ಬಿಟ್ಟುಕೊಡಿ: ಜೋಳ ತರುವುದು, ಹಸನು ಮಾಡುವುದು, ಗಿರಣಿಗೆ ಒಯ್ಯುವುದು, ಹಿಟ್ಟು ತಂದು ಡಬ್ಬಿಗೆ ಹಾಕುವುದು. ಅದರಲ್ಲಿ ನೀವು ಬಾಯಿ ಹಾಕಬಾರದು, ಕಲ್ಲು ಬಂದರೂ. ಅವರು ಒಲೆಯ ಬಳಿ ಬಂದರೆ "ಗಿರಣಿ ಆತೇನ್ರಿ?" ಎಂದು ಕೇಳುವ ಹಕ್ಕು ಆಗ ನಿಮಗೆ ಬರುತ್ತದೆ.

ಪ್ರಶ್ನೆ: ಮನೆಯವರು ತೀರಿಹೋಗಿ ಎರಡು ತಿಂಗಳು. ಮೂರು ಎಕರೆ ಕಬ್ಬು, ಮಗ ಹತ್ತನೇ ತರಗತಿ. ಎಲ್ಲ ವ್ಯವಹಾರ ಅವರೇ ನೋಡುತ್ತಿದ್ದರು. ಎಲ್ಲಿಂದ ಶುರು ಮಾಡಲಿ?
(ಚಿಕ್ಕೋಡಿ ತಾಲ್ಲೂಕು)

ಉತ್ತರ: ಮರಣ ಪ್ರಮಾಣಪತ್ರದಿಂದ. 21 ದಿನದೊಳಗೆ ನೋಂದಾಯಿಸಿದ್ದರೆ ಸುಲಭ. ಆಗಿರದಿದ್ದರೆ ಇನ್ನಷ್ಟು ತಡಮಾಡಬೇಡಿ, ತಡವಾದಷ್ಟೂ ಮೇಲಿನ ಅಧಿಕಾರಿಯ ಅಪ್ಪಣೆ ಬೇಕಾಗುತ್ತದೆ. ಹತ್ತು ಪ್ರತಿ ಇಟ್ಟುಕೊಳ್ಳಿ. ನಾಡಕಚೇರಿಯಲ್ಲಿ ವಂಶವೃಕ್ಷ ಪಡೆದು, ಎರಡನ್ನೂ ಹಚ್ಚಿ ಪೌತಿ ಖಾತೆಗೆ (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಕೊಡಿ. ಪಹಣಿ ನಿಮ್ಮ ಹೆಸರಿಗೆ ಬರದೆ ಬೆಳೆಸಾಲ, ಬೆಳೆವಿಮೆ, ಪರಿಹಾರ ಎಲ್ಲವೂ ಸಿಕ್ಕಿಕೊಳ್ಳುತ್ತವೆ.

ಅವರ ಮೊಬೈಲ್ ನಂಬರನ್ನು ನಿಲ್ಲಿಸಬೇಡಿ. ಬ್ಯಾಂಕು, ಗ್ಯಾಸ್, ಕಾರ್ಖಾನೆ ಎಲ್ಲದರ ಓಟಿಪಿ ಅದಕ್ಕೇ ಬರುತ್ತದೆ. ರೀಚಾರ್ಜ್ ಮಾಡಿಸುತ್ತಿದ್ದು, ಕಂಪನಿಯಲ್ಲಿ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಆದರೆ ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ, ಮುಂದೆ ಅತ್ತೆ ಮಾವ, ಮೈದುನರ ನಡುವೆ ಮಾತು ಬೆಳೆಯುತ್ತದೆ. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು, ಪೂರ್ತಿ ಒಡೆಯರಲ್ಲ ಎಂಬುದೂ ನೆನಪಿರಲಿ. ಪಾಸ್‌ಬುಕ್ಕಿನಲ್ಲಿ ಮೇ ಕೊನೆಯ ಪುಟ ನೋಡಿ. 436 ರೂ. ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ, 2 ಲಕ್ಷ ರೂ. ಬರಬೇಕು. 20 ರೂ. ಕಡಿತವಿದ್ದು ಸಾವು ಅಪಘಾತದಿಂದಾಗಿದ್ದರೆ ಅದರಿಂದಲೂ 2 ಲಕ್ಷ. ಮನೆಯವರಿಗೆ ಗೊತ್ತೇ ಇಲ್ಲದೆ ಬಿಟ್ಟುಹೋಗುವ ಹಣ ಇದು.

ಕಬ್ಬು ಯಾವ ಕಾರ್ಖಾನೆಯಲ್ಲಿ ಯಾರ ಹೆಸರಿಗೆ ನೋಂದಣಿಯಾಗಿದೆ ನೋಡಿ. ಅವರ ಹೆಸರಲ್ಲೇ ಇದ್ದರೆ ಬಿಲ್ಲು ಅವರ ಖಾತೆಗೆ ಹೋಗಿ ನಿಂತುಬಿಡುತ್ತದೆ. ನುರಿಸುವ ಹಂಗಾಮು ಶುರುವಾಗುವ ಮೊದಲೇ, ದಸರೆಯ ಒಳಗೆ, ಹೆಸರು ಬದಲಿಸಿಕೊಳ್ಳಿ. ಸೊಸೈಟಿಯ ಬಡ್ಡಿಯಿಲ್ಲದ ಬೆಳೆಸಾಲ ಇದ್ದರೆ ಗಡುವಿನ ದಿನ ಬರೆದಿಟ್ಟುಕೊಳ್ಳಿ, ಮೀರಿದರೆ ಬಡ್ಡಿ ಬೀಳುತ್ತದೆ. ಕೈಗಡ ಕೊಟ್ಟಿದ್ದೆ ಎಂದು ಬರುವವರಿಗೆ "ಕಾಗದ ತೋರಸ್ರಿ, ಅಣ್ಣಾರ ಮುಂದ ಮಾತಾಡೂಣು" ಎನ್ನಿ. ಮೊದಲ ವರ್ಷ ಯಾವ ಖಾಲಿ ಹಾಳೆಗೂ ಸಹಿ ಇಲ್ಲ, ಹೊಲ ಮಾರುವ ಮಾತಿಲ್ಲ, ಬಾಯಿಮಾತಿನ ಮೇಲೆ ವರ್ಷಾನುಗಟ್ಟಲೆ ಲಾವಣಿಗೂ (ಗೇಣಿಗೂ) ಕೊಡಬೇಡಿ. ಪಾಲಿಗೆ ಹಚ್ಚಿದರೆ ಒಂದೇ ಹಂಗಾಮಿಗೆ. ವಿಧವಾ ವೇತನ ತಿಂಗಳಿಗೆ 800 ರೂ., ಸಣ್ಣದೆನಿಸಿದರೂ ನಾಡಕಚೇರಿಗೆ ಹೋದ ದಿನವೇ ಅದರ ಅರ್ಜಿಯನ್ನೂ ಕೊಟ್ಟುಬನ್ನಿ. ಕಚೇರಿ ಕೆಲಸಕ್ಕೆ ವಾರದಲ್ಲಿ ಒಂದೇ ದಿನ ಇಟ್ಟುಕೊಳ್ಳಿ, ಉಳಿದ ದಿನ ಆ ಚೀಲ ಬಿಚ್ಚಬೇಡಿ. ಮಗನನ್ನು ಹೊಲದ ಯಜಮಾನನಾಗಿ ನಿಲ್ಲಿಸುವುದೂ ಬೇಡ, ಅವನ ಪರೀಕ್ಷೆ ಮುಗಿಯಲಿ.

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಸೇರಿದ್ದೇನೆ. ಪಾಠ ತಲೆಗೆ ಹತ್ತುತ್ತಿಲ್ಲ, ಊರು ನೆನಪಾಗುತ್ತದೆ, ಮಳೆ ಬೇರೆ.

ಉತ್ತರ: ಮಳೆಯಿಂದ ಶುರು ಮಾಡೋಣ. ವಿಜಯಪುರದ ಕಡೆಯವರಿಗೆ ಬೆಳಗಾವಿಯ ಜುಲೈ, ಆಗಸ್ಟ್ ಹೊಸ ದೇಶ. ಬಟ್ಟೆ ಒಣಗುವುದಿಲ್ಲ, ಹಸಿ ಕಾಲುಚೀಲದಿಂದ ಬೆರಳ ಸಂದಿ ಹುಣ್ಣಾಗುತ್ತದೆ. ನಾಲ್ಕು ಜೊತೆ ಕಾಲುಚೀಲ, ಎರಡು ಟವೆಲ್, ಒಂದು ಸ್ವೆಟರ್ ಮೊದಲೇ ಇರಲಿ.

ಪಾಠಕ್ಕೆ: ನಿಮಗೆ ಬೇಕಿರುವುದು ಇಡೀ ಇಂಗ್ಲಿಷ್ ಅಲ್ಲ, ಆ ವಿಷಯದಲ್ಲಿ ಮತ್ತೆ ಮತ್ತೆ ಬರುವ ಮುನ್ನೂರು ನಾನೂರು ಪದ. ನಾಳೆಯ ಪಾಠದ ಎರಡು ಪುಟವನ್ನು ಹಿಂದಿನ ರಾತ್ರಿ ಓದಿ, ತಿಳಿಯದ ಹತ್ತು ಪದ ಮಾತ್ರ ಬರೆದುಕೊಳ್ಳಿ. ಹತ್ತಕ್ಕಿಂತ ಹೆಚ್ಚು ಬರೆದರೆ ಯಾವುದೂ ಉಳಿಯುವುದಿಲ್ಲ. ಮೊದಲು ಚಿತ್ರ, ಸೂತ್ರ, ಬಿಡಿಸಿದ ಲೆಕ್ಕ, ಕೊನೆಗೆ ವಿವರಣೆ. ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುವುದು ತಪ್ಪಲ್ಲ. ವಿಶ್ವವಿದ್ಯಾಲಯದ ಹಳೇ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ದಿನಾ ಅರ್ಧ ಪುಟ ಉತ್ತರ ಬರೆಯಿರಿ. ಮೊದಲ ಇಂಟರ್ನಲ್‌ನಲ್ಲಿ ಅಂಕ ಬೀಳುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಬರೆಯುವ ವೇಗ ಸಾಲದೆ.

ಊರಿಗೆ ಮೊದಲ ಸಲ ಹೋಗುವುದು ನಾಲ್ಕು ವಾರದ ನಂತರ. ಎರಡನೇ ವಾರಕ್ಕೇ ಹೋದವರಿಗೆ ಭಾನುವಾರದ ಬಸ್ಸು ಹತ್ತುವುದು ಕಷ್ಟ. ಅವ್ವನಿಗೆ ಫೋನು ದಿನಾ ಒಂದೇ ಹೊತ್ತಿಗೆ, ಹತ್ತು ನಿಮಿಷ.

ಪ್ರಶ್ನೆ: ಜಮಖಂಡಿಯಿಂದ ಬೆಳಗಾವಿಗೆ ಲಗ್ನವಾಗಿ ಬಂದೆ. ಓಣಿಯೆಲ್ಲ ಮರಾಠಿ. ಮಾತಾಡಲು ನಾಚಿಕೆ.

ಉತ್ತರ: ಕಾಯಿಪಲ್ಲೆ, ಹಾಲು, ನೀರು ಬಿಡುವ ಹೊತ್ತು, ಇಷ್ಟಕ್ಕೆ ಬೇಕಾದ ಮೂವತ್ತು ವಾಕ್ಯ ಸಾಕು, ಪಕ್ಕದ ಮನೆಯ ಎಂಟು ಹತ್ತು ವರ್ಷದ ಹುಡುಗಿಯ ಹತ್ತಿರ ಕಲಿಯಿರಿ, ಮಕ್ಕಳು ತಿದ್ದುತ್ತವೆ ಆದರೆ ಆಡಿಕೊಳ್ಳುವುದು ಕಡಿಮೆ. ನಿಮ್ಮ ಮಕ್ಕಳ ಜೊತೆ ಮನೆಯಲ್ಲಿ ಕನ್ನಡವನ್ನೇ ಆಡಿ.

ಪ್ರಶ್ನೆ: ಅವ್ವನನ್ನು ಹಳ್ಳಿಯಿಂದ ಬೆಳಗಾವಿಯ ನಮ್ಮ ಅಪಾರ್ಟ್‌ಮೆಂಟಿಗೆ ಕರೆತಂದೆವು. ಬೆಳಿಗ್ಗೆ ಆರಕ್ಕೆ ರೊಟ್ಟಿ ಬಡಿಯುತ್ತಾಳೆ. ಕೆಳಗಿನ ಮನೆಯವರು ಸದ್ದೆಂದು ತಕರಾರು ಮಾಡಿದರು. ಅಂದಿನಿಂದ ಅವ್ವ ಅಡುಗೆಮನೆಗೇ ಬರುತ್ತಿಲ್ಲ.

ಉತ್ತರ: ತಕರಾರು ಸದ್ದಿನದು, ರೊಟ್ಟಿಯದಲ್ಲ. ಅಡುಗೆ ಕಟ್ಟೆಯ ಗ್ರಾನೈಟ್ ಮೇಲೆ ನೇರವಾಗಿ ಬಡಿದರೆ ಪೆಟ್ಟು ಗೋಡೆಯಲ್ಲಿಳಿದು ಕೆಳಮನೆಗೆ ಕೇಳುತ್ತದೆ. ದಪ್ಪ ಮರದ ಮಣೆ ಇಟ್ಟು, ಅದರ ಕೆಳಗೆ ಅರ್ಧ ಇಂಚಿನ ರಬ್ಬರ್ ಮ್ಯಾಟ್ ಅಥವಾ ನಾಲ್ಕು ಮಡಿಕೆ ಗೋಣಿಚೀಲ ಹಾಕಿ. ಮಣೆ ಕಟ್ಟೆಯ ನಡುವಿಗೆ ಬೇಡ. ಕೆಳಗೆ ಆಧಾರದ ಗೋಡೆ ಇರುವ ತುದಿಗೆ ಇಡಿ, ನಡುವಿನ ಕಲ್ಲು ಡೋಲಿನಂತೆ ನಾದ ಕೊಡುತ್ತದೆ. ಹೊತ್ತನ್ನು ಏಳೂವರೆಗೆ ಸರಿಸಲು ಅವ್ವನನ್ನು ಕೇಳಿ, ಆದರೆ ನೀವೇ ನಿರ್ಧರಿಸಿ ಹೇಳಬೇಡಿ.

ಎಸರು ಸರಿಯಾಗಿದ್ದರೆ ಬಡಿತವೂ ಕಡಿಮೆ ಸಾಕು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲರಿಂದ ಒಂದು ಬಟ್ಟಲು ಕುದಿಯುವ ನೀರು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ, ಕುದಿನೀರಿಗೆ ಹಿಟ್ಟು ಅರೆ ಬೆಂದಾಗಲೇ ಅದಕ್ಕೆ ಜಿಗಿ ಬರುತ್ತದೆ. ನಲ್ಲಿಯ ಬಿಸಿನೀರು ಹೊಯ್ದರೆ ಅಂಚು ಸೀಳುತ್ತದೆ. ಅಪಾರ್ಟ್‌ಮೆಂಟಿನವರು ತಿಂಗಳ ಹಿಟ್ಟನ್ನು ಒಮ್ಮೆಲೇ ತಂದಿಡುತ್ತಾರೆ. ಹದಿನೈದು ದಿನ ದಾಟಿದ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ, ಹಳ್ಳಿಯಲ್ಲಿ ಕೈ ಚೆನ್ನಾಗಿದ್ದ ಹೆಣ್ಣುಮಗಳು ಇಲ್ಲಿ ತನ್ನ ಕೈಯನ್ನೇ ಅನುಮಾನಿಸುತ್ತಾಳೆ. ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ವಾರಕ್ಕೊಂದು ದಿನ, ಭಾನುವಾರ ಹನ್ನೊಂದರ ಹೊತ್ತಿಗೆ, ಖಡಕ್ ರೊಟ್ಟಿಯನ್ನು ಒಟ್ಟಿಗೆ ಮಾಡಿಸಿ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಪೂರ್ತಿ ಒಣಗಿಸಿದರೆ ಹದಿನೈದು ದಿನಕ್ಕೂ ಕೆಡುವುದಿಲ್ಲ. ನಡುವೆ ಮೆತ್ತಗೆ ಉಳಿದರೆ ನಾಲ್ಕೇ ದಿನಕ್ಕೆ ಬೂಸು ಬರುತ್ತದೆ. ಮೊದಲ ದಿನದ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಜೊತೆ, ಅವ್ವನ ಕೈಯಿಂದಲೇ ಕೆಳಗಿನ ಮನೆಗೆ ಕೊಡಿಸಿ.